ತೋಳು ಸೋತ ಮೇಲೆ

ಮನುಷ್ಯನು ಯಾವ ಬಲದಿಂದ ಹೆಸರು ಪಡೆದನೋ ಆ ಬಲವು ಅವನನ್ನು ಬಿಟ್ಟುಹೋದರೆ, ಅವನಲ್ಲಿ ಬೆಲೆಯುಳ್ಳದ್ದು ಏನು ಉಳಿಯುವದು? ಇದನ್ನು ವಿಚಾರಿಸುವದಕ್ಕೆ ನಾವು ಕೆನಡಾ ದೇಶದ ಒಬ್ಬ ಆಟಗಾರನ ವೃತ್ತಾಂತವನ್ನು ತೆಗೆದುಕೊಳ್ಳುವೆವು. ಆಟದ ಮಾತು ಇಲ್ಲಿ ಯಾಕೆಂದು ಓದುಗರು ಬೇಸರಪಡಬಾರದು. ಆಟದಲ್ಲಿಯೂ ಮನುಷ್ಯನ ಮಾತಿಗೆ ಪರೀಕ್ಷೆ ಬರುವದುಂಟು.

ಬಾಬ್ ಎಮ್ಸ್ಲಿ ಎಂಬವನು 1859ರಲ್ಲಿ ಒಂಟೇರಿಯೋ ಪ್ರಾಂತ್ಯದ ಗ್ವೆಲ್ಫ್ ಪಟ್ಟಣದಲ್ಲಿ ಹುಟ್ಟಿದನು. ಬೇಸ್‌ಬಾಲ್ ಆಟದಲ್ಲಿ ಒಬ್ಬನು ಚೆಂಡನ್ನು ಎಸೆಯುವನು. ಎದುರು ಪಕ್ಷದವನು ಅದನ್ನು ದೊಣ್ಣೆಯಿಂದ ಹೊಡೆದು, ಮೂರು ನೆಲೆಗಳನ್ನು ಕ್ರಮವಾಗಿ ಮುಟ್ಟಿ, ಮನೆಯೆನಿಸುವ ಸ್ಥಳಕ್ಕೆ ತಿರಿಗಿ ಬಂದರೆ ಒಂದು ಓಟವಾಗುವದು. ಎಮ್ಸ್ಲಿಯು ಚೆಂಡೆಸೆಯುವವನು. 1883ರಲ್ಲಿ ಅವನು ಅಮೇರಿಕದ ಬಾಲ್ಟಿಮೋರ್ ತಂಡವನ್ನು ಸೇರಿದನು. ಮರುವರುಷ 50 ಆಟಗಳನ್ನು ಆರಂಭಿಸಿ ಐವತ್ತನ್ನೂ ತಾನೇ ಮುಗಿಸಿ, 32ರಲ್ಲಿ ಗೆದ್ದನು. ಈಗ ಒಬ್ಬನ ತೋಳಿನ ಮೇಲೆ ಇಷ್ಟು ಭಾರವನ್ನು ಯಾರೂ ಹೊರಿಸರು. 1885ರಲ್ಲಿ ಆ ತೋಳು ಸೋತಿತು. 3 ಗೆಲುವು, 14 ಸೋಲು. ಮೂರು ವರುಷಗಳ ಒಟ್ಟು ಲೆಕ್ಕ ನೋಡಿದರೆ 44 ಗೆಲುವು, 44 ಸೋಲು. ತಕ್ಕಡಿಯ ಮುಳ್ಳು ಯಾವ ಕಡೆಗೂ ವಾಲದು. ಆಗ ಅವನಿಗೆ 26 ವರುಷ.

ತರುವಾಯ ಅವನು ತೀರ್ಪುಗಾರನಾದನು. ತೋಳಿನಿಂದ ಬದುಕಿದವನು ಇನ್ನು ಕಣ್ಣಿನಿಂದಲೂ ಮಾತಿನಿಂದಲೂ ಬದುಕಬೇಕಾಯಿತು.

1908ನೇ ಸೆಪ್ಟೆಂಬರ್ 23ರಂದು ನ್ಯೂಯಾರ್ಕಿನವರಿಗೂ ಚಿಕಾಗೋದವರಿಗೂ ಆಟ ನಡೆಯಿತು. ಇಬ್ಬರದೂ ಒಂದೊಂದು ಓಟ; ನ್ಯೂಯಾರ್ಕಿನವರ ಕಡೆಯ ಸರದಿಯಲ್ಲಿ ಇಬ್ಬರು ಔಟಾಗಿದ್ದರು. ಹೊಡೆದ ಚೆಂಡು ತನ್ನ ಕಡೆಗೇ ಬರಲು, ಎಮ್ಸ್ಲಿಯು ಅದನ್ನು ತಪ್ಪಿಸಿಕೊಳ್ಳುವದಕ್ಕೆ ನೆಲಕ್ಕೆ ಬಿದ್ದನು. ಮೂರನೆಯ ನೆಲೆಯಲ್ಲಿದ್ದವನು ಮನೆ ಮುಟ್ಟಿದನು. ಜನರು ಗೆದ್ದೆವೆಂದು ಮೈದಾನಕ್ಕೆ ನುಗ್ಗಿದರು. ಮೊದಲನೆಯ ನೆಲೆಯಲ್ಲಿದ್ದ ಫ್ರೆಡ್ ಮರ್ಕಲ್ ಎಂಬ 19 ವರುಷದ ಹುಡುಗನು, ಆ ಕಾಲದ ವಾಡಿಕೆಯಂತೆ, ಎರಡನೆಯ ನೆಲೆಯನ್ನು ಮುಟ್ಟದೆ ಹಿಂದಿರುಗಿದನು. ಚಿಕಾಗೋದವರು ಒಂದು ಚೆಂಡನ್ನು ತಂದು ಆ ನೆಲೆಯ ಮೇಲೆ ನಿಂತು, ಇವನು ಔಟಾದನು, ಓಟವು ಸಲ್ಲದು ಎಂದು ವಾದಿಸಿದರು.

ಹುಡುಗನು ಮುಟ್ಟಿದನೆಂದು ಎಮ್ಸ್ಲಿಯು ಹೇಳಿದ್ದರೆ ಆ ಜನಸಮೂಹವು ಅವನನ್ನು ಕೊಂಡಾಡುತ್ತಿತ್ತಲ್ಲವೋ? ಅವನು ತಾನು ಕಾಣಲಿಲ್ಲವೆಂದು ಹೇಳಿ, ಜೊತೆಯ ತೀರ್ಪುಗಾರನಾದ ಹ್ಯಾಂಕ್ ಓಡೇಯನ್ನು ವಿಚಾರಿಸಿದನು. ಓಡೇ ಕಂಡಿದ್ದನು. ಅವನ ಸಾಕ್ಷಿಯ ಮೇಲೆ ಮರ್ಕಲನು ಔಟೆಂದು ತೀರ್ಮಾನವಾಗಿ, ಆಟವು ಸಮವಾಯಿತು. ಅಕ್ಟೋಬರ್ 8ರಂದು ತಿರಿಗಿ ಆಡಿದಾಗ ಚಿಕಾಗೋದವರು ಗೆದ್ದರು. ಆ ವರುಷದ ಪಟ್ಟವೂ ಅವರಿಗೇ ಹೋಯಿತು.

ನೋಡುವದಕ್ಕೆಂದೇ ನಿಂತವನು ನೋಡದೆ ಹೋದದ್ದು ತಪ್ಪಲ್ಲವೋ ಎಂದು ಕೆಲವರು ಕೇಳಾರು. ಬೀಳುವದು ಅವನ ಕೈಯಲ್ಲಿರಲಿಲ್ಲ, ತೋಳು ಸೋಲುವದೂ ಇರಲಿಲ್ಲ. ಕಾಣದ್ದನ್ನು ಕಂಡೆನೆನ್ನದೆ ಇರುವದು ಮಾತ್ರ ಅವನ ಕೈಯಲ್ಲಿತ್ತು. ಇದರಲ್ಲಿ ನಮಗೆ ಸಂದೇಹವಿಲ್ಲ. ನಮ್ಮನ್ನು ಕಳವಳಗೊಳಿಸುವದು ಬೇರೊಂದು: ಆ ಸತ್ಯಕ್ಕೆ ಹೆಚ್ಚಿನ ಬೆಲೆ ತೆತ್ತವನು ಮರ್ಕಲನು. ಅನೇಕರು ಮಾಡುತ್ತಿದ್ದುದನ್ನೇ ಮಾಡಿದ ಆ ಹುಡುಗನಿಗೆ 'ದಡ್ಡ' ಎಂಬ ಅಡ್ಡಹೆಸರು ಬಂದು, 1956ರಲ್ಲಿ ಸಾಯುವ ವರೆಗೂ ಬಿಡಲಿಲ್ಲ. ನಿಯಮವು ಪುಸ್ತಕದಲ್ಲಿತ್ತು ನಿಜ. ಆದರೂ ಬಹುಕಾಲ ಸಡಿಲಬಿಟ್ಟ ನಿಯಮವನ್ನು ಒಬ್ಬನ ಮೇಲೆ ಒಮ್ಮೆಗೇ ಬಿಗಿಯುವದು ಪೂರ್ಣ ನ್ಯಾಯವೆಂದು ನಾವು ಹೇಳಲಾರೆವು.

ಎಮ್ಸ್ಲಿಗೂ ನಿಂದೆ ತಪ್ಪಲಿಲ್ಲ. ನ್ಯೂಯಾರ್ಕ್ ತಂಡವನ್ನು ನಡಿಸುತ್ತಿದ್ದ ಜಾನ್ ಮೆಕ್‌ಗ್ರಾ ಅವನನ್ನು 'ಕುರುಡು ಬಾಬ್' ಎಂದು ಕರೆದನು. ಆ ಕುರುಡನನ್ನೇ ಲೀಗಿನವರು 1924ರ ವರೆಗೆ ಕೆಲಸದಲ್ಲಿ ಇರಿಸಿಕೊಂಡರು. ಅವನು 1943ರಲ್ಲಿ ಒಂಟೇರಿಯೋದ ಸೇಂಟ್ ಥಾಮಸ್ ಪಟ್ಟಣದಲ್ಲಿ ತೀರಿಹೋದನು. 1986ರಲ್ಲಿ ಕೆನಡಾದ ಬೇಸ್‌ಬಾಲ್ ಕೀರ್ತಿಮಂದಿರದಲ್ಲಿ ಅವನ ಹೆಸರನ್ನು ಸೇರಿಸಿದರು.