ಎಣಿಸುವವರ ಋಣ

ಕೆರೆಯಲ್ಲಿ ಎಷ್ಟು ನೀರಿದೆ ಎಂದು ಅಳೆಯುವುದು ಸುಲಭ. ಈ ವರ್ಷ ಎಷ್ಟು ಹೊಸ ನೀರು ಬಂತು ಎಂದು ತಿಳಿಯಲು ಕಾಯಬೇಕು. ಎಚ್‌ಐವಿಯ ಲೆಕ್ಕವೂ ಹೀಗೆಯೇ. ಎಷ್ಟು ಜನಕ್ಕೆ ಸೋಂಕಿದೆ ಎಂಬುದನ್ನು ಒಂದು ಸಲದ ರಕ್ತಪರೀಕ್ಷೆ ಹೇಳುತ್ತದೆ. ಆದರೆ ಚಿಕಿತ್ಸೆಯಿಂದ ಸೋಂಕಿತರು ದೀರ್ಘಕಾಲ ಬದುಕುವ ಈ ದಿನಗಳಲ್ಲಿ, ಸೋಂಕು ಇನ್ನೂ ಹಬ್ಬುತ್ತಿದೆಯೇ ಎಂಬುದು ಆ ಸಂಖ್ಯೆಯಿಂದ ತಿಳಿಯದು. ಅದಕ್ಕೆ ಹೊಸ ಸೋಂಕುಗಳನ್ನೇ ಎಣಿಸಬೇಕು.

ಹಳೆಯ ಕ್ರಮದಲ್ಲಿ ಸೋಂಕಿಲ್ಲದವರನ್ನು ಸೇರಿಸಿಕೊಂಡು, ಕೆಲವು ತಿಂಗಳಿಗೊಮ್ಮೆ ಪರೀಕ್ಷಿಸುತ್ತಾ ಕಾಯುತ್ತಾರೆ. ಯಾರಿಗೂ ಸೋಂಕು ತಗಲದಿದ್ದರೆ ಪ್ರಶ್ನೆಗೆ ಉತ್ತರವಿಲ್ಲ. ಆದ್ದರಿಂದಲೇ ಸಂಶೋಧಕರು ಅಪಾಯ ಹೆಚ್ಚಿರುವವರ ಬಳಿಗೆ ಹೋಗುತ್ತಾರೆ. ಅಲ್ಲಿ ಕಡಿಮೆ ಜನರಿಂದ, ಕಡಿಮೆ ಸಮಯದಲ್ಲಿ ಸಂಖ್ಯೆ ಸಿಗುತ್ತದೆ. ಅದೇ ಸಂಶೋಧಕರು ಅವರಿಗೆ ಕಾಂಡೋಮ್ ಕೊಡಬೇಕು, ತಿಳಿವಳಿಕೆ ಹೇಳಬೇಕು. ಈ ಕರ್ತವ್ಯವನ್ನು ಚೆನ್ನಾಗಿ ಮಾಡಿದಷ್ಟೂ ಎಣಿಸಲು ಸಿಗುವುದು ಕಡಿಮೆ. ಒಬ್ಬರನ್ನು ಕಾಪಾಡುತ್ತಲೇ ಅವರ ಸೋಂಕಿಗಾಗಿ ಕಾಯುವುದು ಹೇಗೆ?

2004ರಲ್ಲಿ ಕಾಂಬೋಡಿಯಾದಲ್ಲಿ 960 ಲೈಂಗಿಕ ಕಾರ್ಯಕರ್ತೆಯರ ಮೇಲೆ ಟೆನೊಫೊವಿರ್ ಎಂಬ ತಡೆಮಾತ್ರೆಯ ಪ್ರಯೋಗ ನಡೆಯಬೇಕಿತ್ತು. ಮುಂದೆ ಅಡ್ಡಪರಿಣಾಮಗಳಾದರೆ ನಮ್ಮನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದ ಮಹಿಳೆಯರ ಸಂಘಟನೆ ದೀರ್ಘಾವಧಿಯ ಆರೋಗ್ಯ ವಿಮೆ ಬೇಕೆಂದಿತು. ಕೊನೆಗೆ ಸರ್ಕಾರವೇ ಪ್ರಯೋಗವನ್ನು ನಿಲ್ಲಿಸಿತು. ಇದರಿಂದ ವಿಜ್ಞಾನಕ್ಕೆ ನಷ್ಟವಾಯಿತು ಎನ್ನುವವರಿದ್ದಾರೆ. ಆದರೆ ಆ ಹೆಂಗಸರ ಪ್ರಶ್ನೆ ವಿಜ್ಞಾನದ ವಿರುದ್ಧದ್ದಲ್ಲ, ಋಣದ ಕುರಿತದ್ದು.

ಇಪ್ಪತ್ತು ವರ್ಷಗಳ ನಂತರ ಇದೇ ತೊಡಕಿಗೆ ಇನ್ನೊಂದು ಉತ್ತರ ಬಂತು. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದ ಯುವತಿಯರಲ್ಲಿ ಆರು ತಿಂಗಳಿಗೊಮ್ಮೆ ಕೊಡುವ ಲೆನಕಾಪವಿರ್ ಚುಚ್ಚುಮದ್ದಿನ ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಚುಚ್ಚುಮದ್ದು ಪಡೆದ 2134 ಮಂದಿಯಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. ಪರಿಣಾಮಕಾರಿ ತಡೆಮಾತ್ರೆ ಈಗಾಗಲೇ ಇರುವಾಗ ಹುಸಿಮದ್ದು ಕೊಡುವುದು ಅನ್ಯಾಯವೆಂದು, ಹುಸಿಮದ್ದಿನ ಗುಂಪೇ ಅಲ್ಲಿರಲಿಲ್ಲ. ಹಾಗಾದರೆ ಹೋಲಿಕೆ ಯಾರೊಂದಿಗೆ? ಪ್ರಯೋಗಕ್ಕೆ ಸೇರಲು ಬಂದು ತಪಾಸಣೆಗೆ ಒಳಗಾದ 8094 ಮಂದಿಯ ರಕ್ತದೊಂದಿಗೆ. ಸೋಂಕು ಹೊಸದಾಗಿದ್ದರೆ ಪ್ರತಿಕಾಯಗಳ ಹಿಡಿತ ಸಡಿಲವಾಗಿರುತ್ತದೆ, ತಿಂಗಳುಗಳು ಕಳೆದಂತೆ ಬಿಗಿಯಾಗುತ್ತದೆ. ಆ ಹಿಡಿತವನ್ನು ಅಳೆದು, ಮದ್ದಿಲ್ಲದಿದ್ದರೆ 100 ಮಂದಿಗೆ ವರ್ಷಕ್ಕೆ 2.41ರಷ್ಟು ಹೊಸ ಸೋಂಕು ಎಂದು ಅಂದಾಜಿಸಿದರು.

ಆಗುವ ಸೋಂಕಿಗಾಗಿ ಕಾಯುವುದಕ್ಕೂ ಆಗಿಹೋದ ಸೋಂಕನ್ನು ಓದುವುದಕ್ಕೂ ನೈತಿಕವಾಗಿ ದೊಡ್ಡ ಅಂತರವಿದೆ. ಆದರೆ ಈ ಅಂದಾಜಿನಲ್ಲಿ ಅನಿಶ್ಚಿತತೆ ಹೆಚ್ಚು, ಹುಸಿಮದ್ದಿನ ಗುಂಪಿದ್ದರೆ ಉತ್ತರ ಇನ್ನೂ ಖಚಿತವಾಗಿರುತ್ತಿತ್ತು, ಅದರಿಂದ ಮುಂದೆ ಸಾವಿರಾರು ಜನ ಉಳಿಯಬಹುದು ಎಂಬ ವಾದವಿದೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೂ ಖಚಿತತೆಗೆ ಬೆಲೆ ತೆರುವವರು ಯಾರು ಎಂಬುದು ಇಲ್ಲಿ ಮುಖ್ಯ. ಅದನ್ನು ತಡೆಯಬಹುದಾಗಿದ್ದ ಸೋಂಕಿನ ರೂಪದಲ್ಲಿ ಒಬ್ಬ ಯುವತಿ ತೆರುವುದಕ್ಕಿಂತ, ಅನಿಶ್ಚಿತತೆಯ ರೂಪದಲ್ಲಿ ಸಂಶೋಧಕರು ಹೊರುವುದೇ ನ್ಯಾಯ ಎಂದು ನನಗನ್ನಿಸುತ್ತದೆ.

ಹೊಸ ವಿಧಾನವೂ ಋಣವನ್ನು ಪೂರ್ತಿ ತೀರಿಸುವುದಿಲ್ಲ. 2.41 ಎಂಬ ಅಂಕಿ ಬಂದದ್ದು, ರಕ್ಷಣೆ ಕೇಳಿಕೊಂಡು ಬಂದು, ತಮಗೆ ಆಗಲೇ ಸೋಂಕಿದೆ ಎಂದು ಅಲ್ಲಿ ತಿಳಿದವರಿಂದ. ಸೋಂಕಿದ್ದುದರಿಂದ ಅವರು ಪ್ರಯೋಗಕ್ಕೆ ಸೇರುವಂತಿರಲಿಲ್ಲ. ಆದರೆ ಆ ಮದ್ದಿನ ಗೆಲುವನ್ನು ಅಳೆಯುವ ಕೋಲು ಅವರೇ. ಜೀವನಪೂರ್ತಿ ಚಿಕಿತ್ಸೆ ಅವರಿಗೆ ಸಿಗಬೇಕಾದದ್ದು ಉಪಕಾರವಾಗಿ ಅಲ್ಲ, ಹಕ್ಕಾಗಿ. ಮುಂದೆ ನಮ್ಮನ್ನು ನೋಡಿಕೊಳ್ಳುವವರು ಯಾರು ಎಂದು ಕಾಂಬೋಡಿಯಾದ ಹೆಂಗಸರು ಕೇಳಿದ್ದು ಇವರ ಪರವಾಗಿಯೂ ಹೌದು.