ಪಣದ ಲೆಕ್ಕ

ಇಸ್ಪೀಟಿನ ವಿಷಯವಾಗಿ ಸಾಹಿತ್ಯಪತ್ರಿಕೆಯಲ್ಲಿ ಬರೆಯುವುದು ಉಚಿತವೇ ಎಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ಆದರೆ ಶಿರಸಿ, ಸಿದ್ಧಾಪುರ, ಯಲ್ಲಾಪುರಗಳ ಕಡೆಯಲ್ಲಿ ಆಷಾಢದ ಮಳೆಗೆ ಎಲೆ ಹಂಚದ ಜಗುಲಿಗಳು ಎಷ್ಟಿದ್ದಾವು? ಹೊತ್ತು ಕಳೆಯುವುದಕ್ಕಾಗಿ ಆಡುವವರೆಗೆ ಧರ್ಮಶಾಸ್ತ್ರಕ್ಕೆ ಅಲ್ಲಿ ಕೆಲಸವಿಲ್ಲ. ನಡುವೆ ಹಣವು ಬಂದು ಕುಳಿತ ಮೇಲೆ ಪ್ರಶ್ನೆಯೇಳುತ್ತದೆ: ಲೆಕ್ಕವರಿತು ಆಡುವವನನ್ನೂ ಜೂಜುಗಾರನೆನ್ನಬೇಕೆ?

ಸ್ಟಡ್ ಪೋಕರ್ ಎಂಬ ಪರದೇಶದ ಆಟವನ್ನು ತೆಗೆದುಕೊಳ್ಳೋಣ. ಒಬ್ಬೊಬ್ಬನಿಗೆ ಏಳು ಎಲೆ; ನಾಲ್ಕು ತೆರೆದವು, ಮೂರು ಮುಚ್ಚಿದವು. ಆರು ಎಲೆ ಬಂದಿವೆ. ನನ್ನಲ್ಲಿ ನಾಲ್ಕು ಆಟೀನು. ಇನ್ನೊಂದು ಆಟೀನು ಬಂದರೆ ಗೆದ್ದೆ, ಬಾರದಿದ್ದರೆ ಸೋತೆ ಎಂದಿಟ್ಟುಕೊಳ್ಳೋಣ. ಎದುರಾಳಿಯ ನಾಲ್ಕು ತೆರೆದ ಎಲೆಗಳಲ್ಲಿ ಎರಡು ಆಟೀನು ಕಾಣುತ್ತವೆ. ಹಾಗಾದರೆ ನಾನು ಕಾಣದ ಎಲೆಗಳು 42. ಅವುಗಳಲ್ಲಿ ಆಟೀನು 7. ಆರು ಸಲಕ್ಕೊಮ್ಮೆ ಗೆಲವು. ರಾಶಿಯಲ್ಲಿ 100 ರೂಪಾಯಿಯಿದ್ದು ನಾನು 20 ಹಾಕಬೇಕಾದರೆ, ಐದು ಸಲ ಸೋತು ಕಳೆದ 100 ಒಂದು ಗೆಲವಿನಿಂದ ಮರಳುತ್ತದೆ; ಲಾಭನಷ್ಟಗಳೆರಡೂ ಇಲ್ಲ. ರಾಶಿಯು 150 ಆಗಿದ್ದರೆ ಹಾಕಬೇಕು. 60 ಆಗಿದ್ದರೆ ಎಲೆಯನ್ನು ಕೆಳಗಿಡಬೇಕು.

ಈ ಲೆಕ್ಕದಲ್ಲಿ ಒಂದು ಸಂಯಮವುಂಟೆಂಬುದನ್ನು ಒಪ್ಪಬೇಕು. ರಾಶಿಗೆ ಈಗಾಗಲೇ ಹಾಕಿದ್ದು ನನ್ನದಲ್ಲವೆಂದು ಅದು ಹೇಳುತ್ತದೆ. “ಇಷ್ಟು ಹೋಯಿತು, ಇನ್ನಿಷ್ಟು ಹೋಗಲಿ” ಎಂದು ವ್ಯಾಜ್ಯಗಳಲ್ಲಿ ತೋಟವನ್ನೇ ಕಳೆದುಕೊಂಡವರಿಗೆ ಈ ಬುದ್ಧಿಯಿದ್ದಿದ್ದರೆ! ನ್ಯಾಯಾಲಯಗಳೂ ಕೌಶಲವನ್ನು ಮನ್ನಿಸಿವೆ. ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು 1967ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಆದರೆ 2025ರ ಕೇಂದ್ರ ಶಾಸನವು ಅಂತರ್ಜಾಲದ ಹಣದಾಟಗಳನ್ನು ನಿಷೇಧಿಸುವಾಗ ಕೌಶಲವೋ ಅದೃಷ್ಟವೋ ಎಂದು ಕೇಳಲೇ ಇಲ್ಲ.

ನಮ್ಮ ಅಡಿಕೆ ಬೆಳೆಗಾರನೂ ಇದೇ ಗಣಿತವನ್ನು ಬಲ್ಲನು. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ನರು ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ದ್ರಾವಣವನ್ನು ಬಳಕೆಗೆ ತಂದರು. ಕೊಳೆ ಬರುವುದೋ ಇಲ್ಲವೋ, ಮಳೆಗೆ ಮುಂಚೆಯೇ ಖರ್ಚು ಮಾಡಬೇಕು. ಬಾರದಿದ್ದರೆ ಅಷ್ಟೂ ವ್ಯರ್ಥ. ಇದೂ ಪಣವೇ ಸರಿ. ಆದರೆ ಇವನ ಗೊನೆ ಉಳಿದುದರಿಂದ ನೆರೆಯವನ ಗೊನೆ ಉದುರುವುದಿಲ್ಲ. ಪೋಕರಿನ ರಾಶಿಯಾದರೋ ಪೂರ್ತಿಯಾಗಿ ಇತರರ ಮನೆಗಳಿಂದ ಬಂದದ್ದು.

ಇನ್ನೂ ತೊಡಕಿನ ಮಾತು ಬೇರೆಯುಂಟು. ಯಕ್ಷಗಾನದ ಬಾಹುಕ-ಋತುಪರ್ಣರನ್ನು ನಮ್ಮವರು ಚೆನ್ನಾಗಿ ಬಲ್ಲರು. ಋತುಪರ್ಣನು ತಾರೆ ಮರವೊಂದರ ಎಲೆಕಾಯಿಗಳ ಸಂಖ್ಯೆಯನ್ನು ನೋಡಿದೊಡನೆ ಹೇಳಿ, ಬಾಹುಕನಿಗೆ ಅಕ್ಷಹೃದಯವನ್ನು ಉಪದೇಶಿಸಿದನು. ಅಜ್ಞಾನದಿಂದ ಸೋತಿದ್ದ ನಳನು ಆ ವಿದ್ಯೆಯಿಂದ ಪುಷ್ಕರನನ್ನು ಒಂದೇ ಆಟದಲ್ಲಿ ಗೆದ್ದನು. ಕಥೆಯನ್ನು ಇಲ್ಲಿಗೇ ನಿಲ್ಲಿಸುವುದು ನಮಗೆ ಹಿತ. ಆದರೆ ವನಪರ್ವದಲ್ಲಿ ನಳನು ಆಗ ಒಡ್ಡಿದ ಪಣವೇನು? ತಾನು ಗಳಿಸಿದ ಧನ, ಅದರೊಡನೆ ದಮಯಂತಿ! ಲೆಕ್ಕವು ಸಂಪೂರ್ಣವಾಗಿ ಸರಿಯಾಗಿತ್ತು.

ಸಭಾಪರ್ವದಲ್ಲಿ ದ್ರೌಪದಿಯು, ಅರಸನು ಮೊದಲು ತನ್ನನ್ನು ಸೋತನೋ ನನ್ನನ್ನೋ ಎಂದು ಕೇಳಿದಳು. ದಾಳಗಳು ಹೇಗೆ ಬಿದ್ದವೆಂದು ಕೇಳಲಿಲ್ಲ. ಒಡ್ಡುವ ಅಧಿಕಾರವಿತ್ತೇ ಎಂದು ಕೇಳಿದಳು. ಧರ್ಮವು ಸೂಕ್ಷ್ಮವೆಂದು ಹೇಳಿ ಭೀಷ್ಮನು ಉತ್ತರ ಕೊಡಲಾರದೆ ಹೋದನು. ನಳನು ಗೆದ್ದುದರಿಂದ ದಮಯಂತಿಗೆ ಹಾಗೆ ಕೇಳುವ ಪ್ರಸಂಗವೇ ಬರಲಿಲ್ಲ.