ಕೂಲಿಯಿಲ್ಲದ ಓಟ

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಕಡೆ ಓಡುವವರಿಗೆ ಒಂದು ಕಾರಣ ಇರಲೇಬೇಕು. ನಸುಕಿನಲ್ಲಿ ಕಾಲುವೆ ಏರಿಯ ಮೇಲೆ ಯಾರಾದರೂ ಓಡುತ್ತಿದ್ದರೆ ಎದುರಾದವರು ಕೇಳುವುದು ಒಂದೇ ಮಾತು: ‘ಯಾವ ಭರ್ತಿಗಪಾ?’ ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದ ಹುಡುಗ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಅಗ್ನಿವೀರ ಭರ್ತಿಗೂ ಓಟ 1.6 ಕಿಲೋಮೀಟರ್. ಆದ್ದರಿಂದ ಆ ಪ್ರಶ್ನೆಯಲ್ಲಿ ಕೊಂಕಿಲ್ಲ. ಆದರೆ ‘ಭರ್ತಿ ಗಿರ್ತಿ ಏನಿಲ್ಲ, ಸುಮ್ನೆ ಗುಡ್ಡದ ಹಾದಿಯಾಗ ಓಡಿ ಬರ್ತೀನಿ’ ಎಂದು ನೋಡಿ. ಕೇಳಿದವರು ಇನ್ನೂ ಉತ್ತರಕ್ಕೆ ಕಾಯುತ್ತ ನಿಂತಿರುತ್ತಾರೆ.

ಹೀಗೆ ಸುಮ್ಮನೆ ಓಡುವುದಕ್ಕೆ ಟ್ರೇಲ್ ರನ್ನಿಂಗ್ ಎಂಬ ಹೆಸರಿದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾದಲ್ಲಿ ಜನ ಹಣ ಕಟ್ಟಿ, ಐವತ್ತು ಕಿಲೋಮೀಟರನ್ನೂ ಮೀರಿದ ದೂರ ಓಡುತ್ತಾರೆ. ಮಸ್ಕಿಯ ಗುಡ್ಡಕ್ಕಾಗಲಿ ಮುದಗಲ್ಲಿನ ಕೋಟೆಯ ಬಂಡೆಗಳಿಗಾಗಲಿ ಚೆಲುವಿನ ಕೊರತೆಯೇನಿಲ್ಲ. ಇರುವುದು ಒಂದು ಮುಜುಗರ. ಇಲ್ಲಿ ಮೈ ಬೆವರಿದರೆ ಕೂಲಿ ಹುಟ್ಟಬೇಕು. ಭತ್ತದ ನಾಟಿಗೆ ಬಗ್ಗಿದ ಬೆನ್ನು, ಹತ್ತಿ ಬಿಡಿಸಿದ ಬೆರಳು, ಹಟ್ಟಿಯ ಚಿನ್ನದ ಗಣಿಗೆ ಇಳಿದ ಕಾಲು, ಬೆಂಗಳೂರಿಗೆ ಗುಳೆ ಹೋದ ಮೈ, ಎಲ್ಲಕ್ಕೂ ದಿನದ ಲೆಕ್ಕವಿದೆ. ಅಂಥ ಕಡೆ ಬೆವರನ್ನು ಪುಕ್ಕಟೆ ಸುರಿಸುವುದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದಂತಲ್ಲವೇ? ಇದು ಬರೀ ಹಂಗಿಸುವ ಮಾತಲ್ಲ. ದುಡಿದು ದಣಿದವರ ಕಣ್ಣೆದುರು ದಣಿವನ್ನೇ ಆಟ ಮಾಡಿಕೊಳ್ಳುವುದು ಸರಿಯೇ ಎಂಬ ನೈತಿಕ ಪ್ರಶ್ನೆ ಇದರೊಳಗಿದೆ.

ಈ ಮಾತನ್ನು ಒಪ್ಪಿ ಮುಂದೆ ಹೋದರೆ ಎಲ್ಲಿಗೆ ತಲುಪುತ್ತೇವೆ ಎಂಬುದನ್ನೂ ನೋಡಬೇಕು. ಅಗ್ನಿವೀರಕ್ಕೆ ವಯಸ್ಸಿನ ಮಿತಿಯ ಗೆರೆಯೊಂದಿದೆ. ಮೂರು ನಾಲ್ಕು ವರ್ಷ ತಪ್ಪದೆ ಓಡಿದ ಹುಡುಗ ಆ ಗೆರೆ ದಾಟಿದ ಮರುದಿನ ಬೂಟು ಬಿಚ್ಚಿಡುತ್ತಾನೆ. ಕಾಲು ಅದೇ, ಉಸಿರು ಅದೇ. ಹೋಗಿದ್ದು ಕಾರಣ ಮಾತ್ರ. ಹುಡುಗಿಯರ ಮಟ್ಟಿಗೆ ಇದು ಇನ್ನೂ ಬಿಗಿ. ಎರಡು ನಿಮಿಷದಲ್ಲಿ 400 ಮೀಟರ್ ಓಡಬೇಕು ಎಂಬ ಪೊಲೀಸ್ ಪರೀಕ್ಷೆಯ ನೆಪದಲ್ಲಿ ಟ್ರ್ಯಾಕ್ ಪ್ಯಾಂಟ್ ಹಾಕಿ ಮೈದಾನಕ್ಕಿಳಿಯಲು ಊರು ಬಿಟ್ಟಿರುತ್ತದೆ. ಫಲಿತಾಂಶ ಬಂದ ದಿನ, ಪಾಸಾಗಲಿ ಫೇಲಾಗಲಿ, ಆ ಪರವಾನಗಿ ಮುಗಿಯುತ್ತದೆ. ಕಾರಣ ಕೇಳುವ ರೂಢಿ ಬೆವರನ್ನು ಉಳಿಸುವುದಕ್ಕಷ್ಟೇ ಇಲ್ಲ. ಯಾರ ಮೈ ಯಾವಾಗ ತನ್ನದು, ಯಾವಾಗ ಮನೆಯದು, ಯಾವಾಗ ಸರ್ಕಾರದ್ದು ಎಂದು ಅದು ತೀರ್ಮಾನಿಸುತ್ತದೆ. ಬಡವರ ಮೈ ದುಡಿಮೆಗೆ ಮಾತ್ರ ಎಂದು ಸಾಹುಕಾರ ಹೇಳಿದರೆ ಸಿಟ್ಟು ಬರುತ್ತದೆ. ಅದನ್ನೇ ನಾವು ನಮ್ಮ ಮಕ್ಕಳಿಗೆ ಬುದ್ಧಿಮಾತಾಗಿ ಹೇಳುತ್ತಿರುತ್ತೇವೆ.

ಮಸ್ಕಿಯ ಬಂಡೆಯೊಂದರಲ್ಲಿ ಇದಕ್ಕೆ ಹತ್ತಿರದ ಮಾತಿದೆ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಇಲ್ಲಿ ಕಂಡ ಶಾಸನದಿಂದಲೇ ‘ದೇವಾನಂಪ್ರಿಯ’ ಎಂಬ ಬಿರುದಿನ ದೊರೆ ಅಶೋಕನೇ ಎಂಬುದು ಗಟ್ಟಿಯಾಯಿತು. ಶಾಲೆಯಲ್ಲಿ ಕಲಿಯುವುದು ಅಷ್ಟು. ಶಾಸನದ ತಿರುಳು ಬೇರೆ ಇದೆ: ಈ ಫಲ ದೊಡ್ಡವರಿಗೆ ಮಾತ್ರ ಸಿಗುವುದೆಂದು ತಿಳಿಯಬೇಡಿ, ಶ್ರದ್ಧೆಯಿಂದ ನಡೆದರೆ ಸಣ್ಣವರಿಗೂ ಸಿಗುತ್ತದೆ ಎಂದು ಅದು ಸಾರುತ್ತದೆ. ಅಶೋಕ ಹೇಳಿದ್ದು ಧರ್ಮದ ಮಾತು, ಓಟದ್ದಲ್ಲ. ಆದರೂ ಮೇಲಿನದೆಲ್ಲ ಉಳ್ಳವರಿಗೆ, ಹೊಟ್ಟೆಪಾಡು ಉಳಿದವರಿಗೆ ಎಂಬ ಹಂಚಿಕೆಯನ್ನು ಕ್ರಿ.ಪೂ. 3ನೇ ಶತಮಾನದಲ್ಲೇ ಈ ಊರಿನ ಕಲ್ಲು ಒಪ್ಪಲಿಲ್ಲ. ಚೆಲುವು ಮತ್ತು ಬಿಡುವಿನ ವಿಷಯದಲ್ಲೂ ಅದನ್ನು ಒಪ್ಪಬೇಕಿಲ್ಲ.

ಹಾಗೆಂದು ಸುಖಕ್ಕೆ ಓಡುವವರಿಗೆ ಹೊಣೆ ಇಲ್ಲವೆಂದಲ್ಲ. ಗುಡ್ಡದ ಹಾದಿ ತಾನಾಗಿ ಹುಟ್ಟಿದ್ದಲ್ಲ. ಕುರಿಗಳು, ಕುರಿ ಕಾಯುವವರು, ಸೌದೆ ಹೊತ್ತ ಹೆಂಗಸರು, ಮಲ್ಲಿಕಾರ್ಜುನನಿಗೆ ನಡೆದುಕೊಳ್ಳುವ ಭಕ್ತರು ತುಳಿದು ತುಳಿದು ಆದದ್ದು. ಕುರಿಹಿಂಡು ಎದುರಾದರೆ ನಿಲ್ಲಬೇಕಾದವರು ಓಡುವವರೇ. ದಾರಿ ತೋರಿಸಲು ಬಂಡೆಗೆ ಬಣ್ಣದ ಬಾಣ ಬಳಿಯುವಂತಿಲ್ಲ. ಪಿಕ್ಲಿಹಾಳದಲ್ಲಿ ಇರುವಂತೆ ಈ ಸೀಮೆಯ ಬಂಡೆಗಳ ಮೇಲೆ ನವಶಿಲಾಯುಗದವರು ಗೀಚಿದ ಎತ್ತುಗಳಿವೆ. ಚೆಲುವು ಎಲ್ಲರದು ಎನ್ನುವುದು ಎಲ್ಲರೂ ಒಟ್ಟಿಗೆ ನುಗ್ಗಲು ಸಬೂಬಾಗಬಾರದು. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದಾಗ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ತಡೆಯಬೇಕಾಯಿತು.

ಇಷ್ಟು ನೆನಪಿಟ್ಟುಕೊಂಡು ಓಡುವವರು ಯಾರ ಪಾಲನ್ನೂ ಕಸಿಯುವುದಿಲ್ಲ. ಭರ್ತಿಯ ಓಟದಲ್ಲಿ ಒಬ್ಬನಿಗೆ ಸೀಟು ಸಿಕ್ಕರೆ ಇನ್ನೊಬ್ಬನಿಗೆ ತಪ್ಪುತ್ತದೆ. ಗುಡ್ಡದ ಹಾದಿಯಲ್ಲಿ ಆ ಲೆಕ್ಕವಿಲ್ಲ. ವಯಸ್ಸು ಮೀರಿದ ಹುಡುಗ ಮರುದಿನವೂ ಬರಬಹುದು, ಪರೀಕ್ಷೆ ಮುಗಿಸಿದ ಹುಡುಗಿಯೂ ಬರಬಹುದು. ಅವರಿಗೆ ಟ್ರೋಫಿ ಬೇಡ, ದುಬಾರಿ ಬೂಟೂ ಬೇಡ. ಎದುರಾದವರು ‘ಯಾವ ಭರ್ತಿ’ ಎನ್ನುವ ಬದಲು ‘ರಾತ್ರಿ ಮಳಿಗೆ ಕಲ್ಲು ಜಾರ್ತಾವ, ನೋಡ್ಕೊಂಡು ಹೋಗ್ರಿ’ ಎಂದರೆ ಸಾಕು.